ರಸ್ತೆ ಯಾರಪ್ಪಂದು?



ಕೊಳ್ಳೇಗಾಲ ಬಿಟ್ಟು ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ, ಮಾದಪ್ಪನ ಬೆಟ್ಟ ಹತ್ತಿ, ಪಾಲಾರ್ ಮೇಲೆ ಮೆಟ್ಟೂರಿಗೆ ಇಳಿಯುವ ದಾರಿಗೆ ಸಾರ್ವಜನಿಕ ರಸ್ತೆ ಅಂತಾರೆ. ರಾಮಾಪುರದ ಕಡೆ ಕವಲು ಹಿಡಿದರೆ ಹೂಗ್ಯಂ ಸೀಮೆ. ನಾವು ಕೇಳೋದು ಒಂದೇ ಮಾತು: ಸಾರ್ವಜನಿಕರು ಅಂದ್ರೆ ಯಾರು? ಆ ಲೆಕ್ಕದಲ್ಲಿ ಹಟ್ಟಿ ಪೋಡಿನ ಜನ ಇದ್ದಾರಾ?

1956ರವರೆಗೆ ಈ ಸೀಮೆ ಕೊಯಮತ್ತೂರು ಜಿಲ್ಲೆ. ಆಮೇಲೆ ಮೈಸೂರು. 1997ರಿಂದ ಚಾಮರಾಜನಗರ. ಈಗ ಹನೂರೇ ತಾಲ್ಲೂಕು. ಕಚೇರಿ ಹತ್ತಿರ ಬಂತು. ಕಚೇರಿಗೆ ಹೋಗೋ ದಾರಿ ಹತ್ತಿರ ಬರಲಿಲ್ಲ.

ವೀರಪ್ಪನ್ ಕಾಲದಲ್ಲಿ ಇಲ್ಲಿ ಜೀಪಿಗೆ ಬರವಿರಲಿಲ್ಲ. 1992ರಲ್ಲಿ ಮೀಣ್ಯಂನಲ್ಲಿ ಪೊಲೀಸರು ಸತ್ತರು. 1993ರಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ 22 ಜನ ಸತ್ತರು. ಆ ಸಾವುಗಳನ್ನ ನಾವು ಹಗುರ ಮಾಡೋದಿಲ್ಲ. ಆದರೆ ಕಾರ್ಯಾಚರಣೆಯ ಹೆಸರಲ್ಲಿ ಏನೂ ಅರಿಯದ ಬಡವರನ್ನೂ ಹೊತ್ತೊಯ್ದು ಹಿಂಸಿಸಿದರು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ 89 ಜನಕ್ಕೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತು. ಹಿಡಿಯೋಕೆ ಬರುವ ಜೀಪಿಗೆ ದಾರಿ ಸಿಗುತ್ತೆ. ಬಸುರಿ ಹೆಂಗಸನ್ನ ಒಯ್ಯೋಕೆ ಜೋಳಿಗೆ ಕಟ್ಟಬೇಕು.

2018ರ ಡಿಸೆಂಬರ್ 14. ಸುಳ್ವಾಡಿಯ ಮಾರಮ್ಮನ ಗುಡಿ. ಪ್ರಸಾದದಲ್ಲಿ ಕೀಟನಾಶಕ. 17 ಜನ ಸತ್ತರು. ವಿಷ ಬೆರೆತ ವಿಚಾರ ಕೋರ್ಟಿಗೆ ಸೇರಿದ್ದು. ನಮ್ಮ ಪ್ರಶ್ನೆ ಬೇರೆ. ಹೊಟ್ಟೆ ಹಿಡಕೊಂಡು ಬಿದ್ದವರಿಗೆ ದೊಡ್ಡಾಸ್ಪತ್ರೆ ಸಿಕ್ಕಿದ್ದು ಎಲ್ಲಿ? ನೂರು ಕಿಲೋಮೀಟರಿಗೂ ಆಚೆ, ಮೈಸೂರಲ್ಲಿ. ಅಂಥ ರಾತ್ರೀಲಿ ರಸ್ತೆಯ ಒಂದೊಂದು ಗುಂಡಿಯೂ ಜೀವ ತಿನ್ನುತ್ತೆ.

2024ರ ಏಪ್ರಿಲ್ 26. ಬೆಟ್ಟದ ಇಂಡಿಗನತ್ತದ ಜನ ಸವಲತ್ತು ಕೊಡದೆ ಓಟು ಹಾಕಲ್ಲ ಅಂದರು. ಗಲಾಟೆಯಾಗಿ ಮತಗಟ್ಟೆ ಧ್ವಂಸ ಆಯ್ತು. ಒಡೆದದ್ದು ಸರಿ ಅಂತ ನಾವು ಹೇಳಲ್ಲ. ಆದರೆ ನೋಡಿ, 29ಕ್ಕೇ ಮರುಮತದಾನ! ಮತಯಂತ್ರ ಮೂರೇ ದಿನಕ್ಕೆ ಮತ್ತೆ ಆ ಊರು ಹತ್ತಿತು. ಮರುವರ್ಷ ಏಪ್ರಿಲ್ 24ಕ್ಕೆ ಮಂತ್ರಿಮಂಡಲವೇ ಮಾದಪ್ಪನ ಬೆಟ್ಟ ಹತ್ತಿ ಸಭೆ ಮಾಡಿತು. ಸರ್ಕಾರಕ್ಕೆ ದಾರಿ ಗೊತ್ತಿಲ್ಲ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ.

ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆಗಳ ಜೊತೆ ರಸ್ತೆಯನ್ನೂ ಹೆಸರಿಸಿ ಯಾರನ್ನೂ ತಡೀಬೇಡಿ ಅನ್ನುತ್ತೆ. ಬಾಬಾಸಾಹೇಬರಿಗೆ ರಸ್ತೆಯ ಗುಣ ಗೊತ್ತಿತ್ತು. 1929ರಲ್ಲಿ ಚಾಳಿಸಗಾಂವ್‌ನಲ್ಲಿ ಟಾಂಗಾದವರು ಅವರನ್ನ ಕೂರಿಸಿಕೊಂಡು ಓಡಿಸಲ್ಲ ಅಂದರು. ಓಡಿಸೋಕೆ ಬಾರದ ನಮ್ಮವನೊಬ್ಬ ಹತ್ತಿ ಕೂತ. ಮೋರಿ ಮೇಲೆ ಗಾಡಿ ತಪ್ಪಿತು, ಬಾಬಾಸಾಹೇಬರ ಕಾಲು ಮುರೀತು. ರಸ್ತೆ ಇತ್ತು, ಗಾಡಿ ಇತ್ತು, ಕೂರೋ ಹಕ್ಕು ಇರಲಿಲ್ಲ. ಈಗ 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಒಳ್ಳೇದೇ. ಬಸ್ಸೇ ಬಾರದ ಪೋಡಿನವಳು ಆ ಹಕ್ಕನ್ನ ಎಲ್ಲಿ ಕೂತು ಅನುಭವಿಸಬೇಕು?

ಕಾಡು ಅಂತಾರೆ. 2013ರಿಂದ ಇದು ವನ್ಯಧಾಮ. 2025ರ ಜೂನಿನಲ್ಲಿ ಇದೇ ಹೂಗ್ಯಂ ವಲಯದಲ್ಲಿ ತಾಯಿಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ತನಿಖಾ ತಂಡ ಓಡೋಡಿ ಬಂತು. ಬರಲಿ, ಹುಲಿಯೂ ಉಳೀಲಿ. ಆದರೆ ಕಾಡಿನ ನೆಪ ಪೂರಾ ನಡೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ 3(2) ಓದಿ: ಶಾಲೆ, ಆಸ್ಪತ್ರೆ, ರಸ್ತೆಗೆ ತಲಾ ಒಂದು ಹೆಕ್ಟೇರಿಗಿಂತ ಕಮ್ಮಿ ಕಾಡುಭೂಮಿ ಕೊಡಬಹುದು, ಹೆಕ್ಟೇರಿಗೆ 75 ಮರಕ್ಕಿಂತ ಹೆಚ್ಚು ಕಡಿಯೋ ಹಾಗಿಲ್ಲ, ಗ್ರಾಮಸಭೆ ಶಿಫಾರಸು ಮಾಡಬೇಕು. ಅಷ್ಟೇ.

ಆ ಶಿಫಾರಸು ಬರೆಯೋರು ಯಾರು? ಹಾಸ್ಟೆಲ್ ತಮ್ಮಂದಿರೇ, ತಂಗಿಯರೇ, ನೀವು. ಇದೇ ರಸ್ತೆ ಹಿಡಿದು ಬಂದು ಅಕ್ಷರ ಕಲಿತವರು ನೀವು. ನೌಕರಿ ಸಿಕ್ಕ ಮೇಲೆ ಊರಿಗೆ ಬೆನ್ನು ಹಾಕಿದರೆ ಈ ರಸ್ತೆ ನಮ್ಮನ್ನ ಸಾಗಹಾಕೋ ದಾರಿ ಮಾತ್ರ ಆಗುತ್ತೆ. ರಜಕ್ಕೆ ಹೋದಾಗ ಗ್ರಾಮಸಭೆಯಲ್ಲಿ ಕೂತ್ಕೊಳ್ಳಿ. ಬರೀ "ರಸ್ತೆ ಬೇಕು" ಅಂತ ಬರೀಬೇಡಿ. ಯಾವ ಪೋಡಿನಿಂದ ಎಲ್ಲೀವರೆಗೆ, ಸ್ಕೂಲಿನ ಹೊತ್ತಿಗೆ ಯಾವ ಬಸ್ಸು, ರಾತ್ರಿ ಆಂಬುಲೆನ್ಸ್ ಎಲ್ಲಿ ನಿಲ್ಲಬೇಕು, ಇಷ್ಟನ್ನೂ ಬರೀರಿ. ನಡಾವಳಿ ಪುಸ್ತಕದಲ್ಲಿ ಸೇರಿಸಿ, ನಕಲು ಕೈಗೆ ಬರೋವರೆಗೆ ಎದ್ದು ಬರಬೇಡಿ.

ಕೊನೇ ಹಟ್ಟಿಯ ಹೆಣ್ಣುಮಗಳು ಬಸ್ಸಿಗೆ ಕೈ ಅಡ್ಡ ಹಿಡಿದು, ಬಸ್ಸು ನಿಂತ ದಿನ ಅದನ್ನ ಸಾರ್ವಜನಿಕ ರಸ್ತೆ ಅನ್ನೋಣ. ಅಲ್ಲೀವರೆಗೆ ಅದು ಅವರ ರಸ್ತೆ.

ಜೈಭೀಮ್.