ಮೀನಿನ ಮೈಯಲ್ಲಿ ಲಸಿಕೆ ಮಾಡುವ ಕೆಲಸ

1987ರಲ್ಲಿ ನಾರ್ವೆಯ ಮೀನು ಸಾಕಣೆಗೆ ಸುಮಾರು 50 ಟನ್ ಆ್ಯಂಟಿಬಯಾಟಿಕ್ ಖರ್ಚಾಗಿತ್ತು. ಇಂದು ಆ ದೇಶ ವರ್ಷಕ್ಕೆ 10 ಲಕ್ಷ ಟನ್ನಿಗೂ ಹೆಚ್ಚು ಸಾಲ್ಮನ್ ಬೆಳೆಯುತ್ತದೆ. ಆ್ಯಂಟಿಬಯಾಟಿಕ್ ಮಾತ್ರ ಒಂದು ಟನ್ನೂ ಬೇಕಾಗುತ್ತಿಲ್ಲ. ಸಾಕಣೆ ತಾಣಗಳನ್ನು ದೂರ ದೂರ ಇಟ್ಟದ್ದೂ ನೆರವಾಯಿತು, ನಿಜ. ಆದರೆ ಹೆಚ್ಚಿನ ಶ್ರೇಯ ಲಸಿಕೆಗೆ ಸಲ್ಲಬೇಕು. ವಿಬ್ರಿಯೋಸಿಸ್, ಫ್ಯೂರಂಕ್ಯುಲೋಸಿಸ್‌ನಂಥ ಬ್ಯಾಕ್ಟೀರಿಯಾ ರೋಗ ತಗಲದಂತೆ, ಸಮುದ್ರಕ್ಕೆ ಬಿಡುವ ಮೊದಲೇ ಮರಿಗಳಿಗೆ ಒಂದೊಂದಾಗಿ ಚುಚ್ಚುಮದ್ದು ಕೊಡುತ್ತಾರೆ.

ಕರುಳು ಖಾಲಿಯಾಗಲೆಂದು ಮೊದಲು ಮೇವು ನಿಲ್ಲಿಸುತ್ತಾರೆ. ಅರಿವಳಿಕೆ ಬೆರೆಸಿದ ನೀರಿನಲ್ಲಿ ಮರಿ ಮಂಪರಿಗೆ ಜಾರಿದ ಮೇಲೆ, ಹೊಟ್ಟೆಯಡಿಯ ಜೋಡಿ ರೆಕ್ಕೆಗಳಿಗಿಂತ ತುಸು ಮುಂದೆ ಸೂಜಿ ಇಳಿಸುತ್ತಾರೆ. ಒಳಗೆ ಹೋಗುವುದು ಹೆಚ್ಚೆಂದರೆ 0.1 ಮಿಲಿಲೀಟರ್: ಸತ್ತ ಬ್ಯಾಕ್ಟೀರಿಯಾ, ಜೊತೆಗೆ ಎಣ್ಣೆ.

ಎಣ್ಣೆ ಯಾಕೆಂದರೆ, ಮೀನಿನ ರೋಗನಿರೋಧಕ ವ್ಯವಸ್ಥೆ ನಮ್ಮದರಂತಲ್ಲ. ರಕ್ತಕಣ ಹುಟ್ಟಿಸುವ ಮೂಳೆಮಜ್ಜೆ ಅದಕ್ಕಿಲ್ಲ, ದುಗ್ಧಗ್ರಂಥಿಗಳೂ ಇಲ್ಲ. ಮೂತ್ರಪಿಂಡದ ಮುಂಭಾಗ ಮತ್ತು ಗುಲ್ಮ ಆ ಕೆಲಸ ಹೊತ್ತಿವೆ. ರಕ್ತದಲ್ಲಿರುವ ಮುಖ್ಯ ಪ್ರತಿಕಾಯ ಐಜಿಎಂ. ನಮ್ಮ ದೇಹ ಐಜಿಎಂನಿಂದ ಐಜಿಜಿಗೆ ಹೊರಳಿ, ದಿನ ಕಳೆದಂತೆ ಹೆಚ್ಚು ಬಿಗಿಯಾಗಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೀನಿನಲ್ಲಿ ಐಜಿಜಿ ಇಲ್ಲ, ಹಿಡಿತವೂ ಅಷ್ಟಾಗಿ ಬಿಗಿಯಾಗದು. ನೆನಪಿನ ಶಕ್ತಿಯೂ ಸಾಧಾರಣ. ಎಣ್ಣೆಯಿದ್ದರೆ ಬ್ಯಾಕ್ಟೀರಿಯಾದ ಅಂಶ ಹೊಟ್ಟೆಯೊಳಗೇ ಉಳಿದು, ತಿಂಗಳುಗಟ್ಟಲೆ ರಕ್ಷಣೆಯನ್ನು ಎಚ್ಚರವಾಗಿಡುತ್ತದೆ. ಅದಕ್ಕೆ ಬೆಲೆಯೂ ಇದೆ. ಕೆಲವು ಮೀನುಗಳನ್ನು ಸೀಳಿ ನೋಡಿದರೆ ಕರುಳು ಹೊಟ್ಟೆಗೋಡೆಗೆ ಅಂಟಿಕೊಂಡಿರುತ್ತದೆ, ಕಪ್ಪು ಕಲೆ ಬಿದ್ದಿರುತ್ತದೆ. ಮೀನಿಗೆ ಇದು ನೋವಿನ ಸಂಗತಿ, ಕಡೆಗಣಿಸುವಂಥದ್ದಲ್ಲ.

ಇನ್ನೊಂದು ಮಾತು ನೀರಿನ ಬಿಸಿಯದು. ಮೀನಿನ ಮೈ ನೀರಿನಷ್ಟೇ ತಣ್ಣಗಿರುವುದರಿಂದ ಪ್ರತಿಕಾಯ ಹುಟ್ಟುವ ವೇಗವೂ ನೀರನ್ನೇ ಅವಲಂಬಿಸಿದೆ. ಸಾಕಣೆದಾರರು ದಿನಗಳನ್ನು ಡಿಗ್ರಿಯಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಸಾಲ್ಮನ್‌ಗೆ ಸುಮಾರು 500 ಬೇಕು: 10 ಡಿಗ್ರಿ ನೀರಿನಲ್ಲಿ 50 ದಿನ, 5 ಡಿಗ್ರಿಯಲ್ಲಿ 100. ಅಷ್ಟರೊಳಗೆ ರೋಗ ಬಂದರೆ ಲಸಿಕೆಯನ್ನು ದೂರಿ ಫಲವಿಲ್ಲ.

ನಮ್ಮ ಕಾಟ್ಲಾ, ರೋಹು ಬೆಳೆಯುವುದು ಬೆಚ್ಚಗಿನ ನೀರಿನಲ್ಲಿ. ಆ ಮಟ್ಟಿಗೆ ಅನುಕೂಲ. ಆದರೆ ಹೊಂಡದ ಸಾವಿರಾರು ಮರಿಗಳನ್ನು ಹಿಡಿದು ಚುಚ್ಚುವುದು ಸಣ್ಣ ರೈತನಿಂದ ಆಗದ ಮಾತು. ಮೇವಿನಲ್ಲಿ ಕೊಟ್ಟರೆ ಲಸಿಕೆ, ಅದನ್ನು ಹೀರಿಕೊಳ್ಳುವ ಕರುಳಿನ ಕೊನೆ ಭಾಗ ತಲುಪುವ ಮೊದಲೇ ಜೀರ್ಣವಾಗಿಬಿಡುತ್ತದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಂಶೋಧಕರು 1990ರ ದಶಕದಲ್ಲೇ ಇದಕ್ಕೊಂದು ದಾರಿ ಹುಡುಕಿದರು. ಮೀನಿಗೆ ಹುಣ್ಣು ತರುವ ಏರೋಮೊನಾಸ್ ಹೈಡ್ರೋಫಿಲಾ ಬ್ಯಾಕ್ಟೀರಿಯಾವನ್ನು ಕೈಟಿನ್ (ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ವಸ್ತು) ಚೂರುಗಳ ಮೇಲೆ ಲೋಳೆಪದರವಾಗಿ ಬೆಳೆಸಿ, ಕೊಂದು, ಮೇವಿನಲ್ಲಿ ಬೆರೆಸಿ ಗೆಂಡೆ ಜಾತಿಯ ಮೀನುಗಳಿಗೆ ತಿನ್ನಿಸಿದರು. ಆ ಲೋಳೆಯೇ ಲಸಿಕೆಗೆ ಹೊದಿಕೆಯಾಗಿ, ಬಿಡಿ ಬ್ಯಾಕ್ಟೀರಿಯಾ ತಿನ್ನಿಸಿದಾಗಿನದಕ್ಕಿಂತ ಹೆಚ್ಚು ಪ್ರತಿಕಾಯ, ಹೆಚ್ಚು ರಕ್ಷಣೆ ಸಿಕ್ಕಿತು.

ಮೀನಿನ ಮೈಮೇಲೆ ಕೆಂಪು ಹುಣ್ಣು ಕಂಡ ಮೇಲೆ ಲಸಿಕೆ ಕೊಟ್ಟು ಪ್ರಯೋಜನವಿಲ್ಲ; ಅದು ಆರೋಗ್ಯವಾಗಿರುವ ಮರಿಗೆ ಸಲ್ಲಬೇಕಾದದ್ದು. ಇಂಥ ಸಂಶೋಧನೆ ಪ್ರಯೋಗಾಲಯ ದಾಟಿ ಮರಿ ಮಾರುವ ಕೇಂದ್ರಗಳವರೆಗೆ ಬರುವಂತೆ ಮೀನುಗಾರಿಕೆ ಇಲಾಖೆ ಹಣ ಮತ್ತು ಗಮನ ಎರಡನ್ನೂ ಕೊಡಬೇಕು.