ಬ್ಲೂಟೂತ್ ಗೊತ್ತು, ಬೇಗೂರು?

ನಮ್ಮೆಲ್ಲರ ಫೋನಲ್ಲೂ ವೈಕಿಂಗ್ ಕಾಲದ ಎರಡು ಅಕ್ಷರ ಇವೆ. ಬ್ಲೂಟೂತ್ ಚಿಹ್ನೆ ಅಂದರೆ ಹರಾಲ್ಡ್ ಬ್ಲೂಟೂತ್ ಅನ್ನೋ ಡೆನ್ಮಾರ್ಕ್ ರಾಜನ ಹೆಸರಿನ ಎರಡು ರೂನ್ ಅಕ್ಷರಗಳನ್ನು ಒಂದರ ಮೇಲೊಂದು ಕೂರಿಸಿದ್ದು. ಅವನು ಸುಮಾರು ಕ್ರಿ.ಶ. 965ರಲ್ಲಿ ಯೆಲ್ಲಿಂಗ್ ಊರಲ್ಲಿ ಅಪ್ಪ ಅಮ್ಮನ ನೆನಪಿಗೆ ನಿಲ್ಲಿಸಿದ ಕಲ್ಲು ಈಗಲೂ ಇದೆ. 2011ರಲ್ಲಿ ಅದರ ಮೇಲೆ ಹಸಿರು ಬಣ್ಣ ಸ್ಪ್ರೇ ಮಾಡಿದ್ದರು. ಆಮೇಲೆ ಕಲ್ಲಿಗೆ ಗಾಜಿನ ಮನೆಯೇ ಬಂತು.

ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಅದಕ್ಕಿಂತ ಸುಮಾರು 70 ವರ್ಷ ಹಳೇದು. ಗಂಗರ ಕಾಲದ್ದು. ನಾಗತ್ತರನ ಕಡೆಯವರು ‘ಬೆಂಗಳೂರು ಕಾಳಗ’ದಲ್ಲಿ ಸತ್ತರು ಅಂತ ಅದರಲ್ಲಿ ಕೊರೆದಿದೆ. ಅಂದರೆ ನಮ್ಮೂರಿನ ಹೆಸರು ಆಗಲೇ ಇತ್ತು! ಆದರೂ ಪ್ರತಿ ಫೆಸ್ಟ್‌ನಲ್ಲೂ ಆಂಕರ್ ಮೈಕ್ ಹಿಡಿದು ಹೇಳೋದು ಅದೇ ಅಜ್ಜಿ, ಅದೇ ಬೆಂದ ಕಾಳು, ಅದೇ ವೀರಬಲ್ಲಾಳನ ಕಥೆ. ಆ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಥೆ ಚೆನ್ನಾಗಿದೆ, ಬೇಡ ಅನ್ನಲ್ಲ. ಲೆಕ್ಕ ಮಾತ್ರ ಕೂಡಲ್ಲ.

ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಇನ್ನೂ ಹಿಂದಿನದು, ಸುಮಾರು ಕ್ರಿ.ಶ. 750. ಇಷ್ಟು ವರ್ಷ ಉಳಿದ ಕಲ್ಲನ್ನು ಕಳೆಯೋಕೆ ಒಂದು ಜೆಸಿಬಿ, ಒಂದು ಮಧ್ಯಾಹ್ನ ಸಾಕು. ಬಿ. ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರಿನ ಹೆಸರು ಸಮೇತ ಅಚ್ಚು ಹಾಕಿಸಿದರು. ಅದರಲ್ಲಿರೋ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಮಿಥಿಕ್ ಸೊಸೈಟಿಯವರು ಉಳಿದವನ್ನು ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಸ್ಕ್ರೀನ್ ಮೇಲೆ ನೆರಳು ಬೆಳಕಲ್ಲಿ ಎದ್ದು ಕಾಣುತ್ತೆ. ಒಳ್ಳೆ ಕೆಲಸ. ಆದರೆ ‘ಸ್ಕ್ಯಾನ್ ಇದೆಯಲ್ಲ, ಕಲ್ಲು ಹೋದರೆ ಹೋಗಲಿ’ ಅನ್ನೋ ವಾದ ನಾನು ಒಪ್ಪಲ್ಲ. ಬ್ಯಾಕಪ್ ಇದೆ ಅಂತ ಯಾರಾದರೂ ಲ್ಯಾಪ್‌ಟಾಪ್ ಕೆರೆಗೆ ಎಸೀತಾರಾ? ಕಲ್ಲು ಎಲ್ಲಿ ನಿಂತಿದೆ ಅನ್ನೋದೂ ಒಂದು ಮಾಹಿತಿನೇ. ಹಳೇ ಊರಿನ ಗಡಿ, ಕೆರೆ, ದಾರಿ ಎಲ್ಲ ಅದರಿಂದ ತಿಳಿಯುತ್ತೆ.

ಸಿವಿಲ್‌ನವರಿಗೆ ಒಂದು ಮಾತು. ಸರ್ವೇ ಪ್ರಾಕ್ಟಿಕಲ್ ಅಂತ ವರ್ಷ ವರ್ಷ ಅದೇ ಗ್ರೌಂಡ್ ಅಳೀತೀರ. ಒಂದು ಬ್ಯಾಚ್ ಟೋಟಲ್ ಸ್ಟೇಷನ್ ಹೊತ್ತು ಕೆಂಗೇರಿ ಹೋಬಳಿಯ ಹಳ್ಳಿಗಳಿಗೆ ಹೋಗಲಿ. ರೈಸ್ ಪುಸ್ತಕದ ಪಟ್ಟಿಯಲ್ಲಿ ಯಾವ ಕಲ್ಲು ಇನ್ನೂ ಇದೆ ನೋಡಿ, ಅದರ ಜಾಗ ಮ್ಯಾಪ್‌ನಲ್ಲಿ ಗುರುತು ಮಾಡಿ, ಒಂದು ಪ್ರತಿ ಪಾಲಿಕೆಯ ಇಂಜಿನಿಯರ್ ಕೈಗೂ ಕೊಡಲಿ. ಮುಂದೆ ಅಲ್ಲಿ ಚರಂಡಿ ಅಗೆಸೋರು ಅವರೇ ತಾನೆ.