ಹೊರಗೋಡೆಯೊಂದೇ ಸಾಲದು

2022ನೆಯ ಇಸವಿ ನವೆಂಬರ್ 23ನೆಯ ತಾರೀಖಿನಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ಜನರು ಏಮ್ಸ್ ಎಂದು ಕರೆಯುವ ಆಸ್ಪತ್ರೆಯಲ್ಲಿ, ಗಣಕಯಂತ್ರಗಳ ವ್ಯವಸ್ಥೆಯು ಹಠಾತ್ತಾಗಿ ನಿಂತುಹೋಯಿತು. ರೋಗಿಗಳ ಹೆಸರನ್ನು ನೋಂದಾಯಿಸುವುದು ಮೊದಲುಗೊಂಡು ರಕ್ತಪರೀಕ್ಷೆಯ ಫಲಿತಾಂಶವನ್ನು ತಿಳಿಸುವವರೆಗೆ ಅನೇಕ ಕಾರ್ಯಗಳನ್ನು ಕಾಗದ ಲೇಖನಿಗಳಿಂದಲೇ ನಡೆಯಿಸಬೇಕಾಯಿತು. ಈ ದುರವಸ್ಥೆಯು ಸುಮಾರು ಎರಡು ವಾರ ಇದ್ದಿತು. ಐದು ಸರ್ವರುಗಳು ದಾಳಿಗೊಳಗಾದುವೆಂದೂ, ಸುಮಾರು 1.3 ಟೆರಾಬೈಟಿನಷ್ಟು ದತ್ತಾಂಶಕ್ಕೆ ದುಷ್ಕರ್ಮಿಗಳು ಗೂಢಲಿಪಿಯ ಬೀಗವನ್ನು ಜಡಿದರೆಂದೂ ಸರ್ಕಾರದವರು ಸಂಸತ್ತಿಗೆ ತಿಳಿಸಿದರು. ಕೇಂದ್ರ ಸರ್ಕಾರದ ಗಣಕ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಪ್ರಾಥಮಿಕ ವಿಚಾರಣೆಯಲ್ಲಿ ಕಂಡುಕೊಂಡ ಕಾರಣವಾದರೂ ಏನು? ಆಸ್ಪತ್ರೆಯ ನೆಟ್‌ವರ್ಕನ್ನು ತಕ್ಕ ರೀತಿಯಲ್ಲಿ ವಿಭಾಗಿಸದೆ ಇದ್ದುದು.

ಈ ಮಾತನ್ನು ಅಧಿಕಾರಸ್ಥಾನದಲ್ಲಿರುವ ಪ್ರತಿಯೊಬ್ಬರೂ ಲಕ್ಷ್ಯವಿಟ್ಟು ಓದತಕ್ಕದ್ದೆಂದು ನಾವು ಭಾವಿಸುತ್ತೇವೆ. ಗೋಡೆಯೇ ಇರಲಿಲ್ಲವೆಂದು ಆ ಸಂಸ್ಥೆಯು ಹೇಳಲಿಲ್ಲ. ಒಳಗಿನ ವಿಭಾಗವು ಸರಿಯಾಗಿರಲಿಲ್ಲವೆಂದು ಹೇಳಿತು. ನಮ್ಮ ಕಚೇರಿಗಳಲ್ಲಿ ಫೈರ್‌ವಾಲ್ ಎಂಬ ಕಾವಲುಯಂತ್ರವನ್ನು ಕೊಂಡು ತಂದು ಹೆಬ್ಬಾಗಿಲಿನಲ್ಲಿ ನಿಲ್ಲಿಸಿದರೆ ಕರ್ತವ್ಯವು ಮುಗಿಯಿತೆಂಬ ಭ್ರಮೆಯು ಬಹಳವಾಗಿ ಹರಡಿದೆ. ಯಂತ್ರವನ್ನು ಹಣ ಕೊಟ್ಟು ಕೊಳ್ಳಬಹುದು. ಯಾರನ್ನು ಎಲ್ಲಿಯವರೆಗೆ ಬಿಡಬೇಕೆಂಬ ವಿವೇಕವನ್ನು ಕೊಳ್ಳಲಾಗದು.

ಹಳೆಯ ಕಾಲದ ತಾಲ್ಲೂಕು ಕಚೇರಿಯನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಅರ್ಜಿ ಹಿಡಿದು ಬಂದ ರೈತನಿಗೆ ಹೊರಜಗಲಿಯವರೆಗೆ ಅಡ್ಡಿಯಿರಲಿಲ್ಲ. ಗುಮಾಸ್ತರು ಕುಳಿತ ಹಜಾರಕ್ಕೆ ಕರೆದವರು ಮಾತ್ರ ಹೋಗುತ್ತಿದ್ದರು. ದಫ್ತರಗಳ ಕೋಣೆಯ ಬೀಗದ ಕೈ ಒಬ್ಬನ ವಶದಲ್ಲಿರುತ್ತಿದ್ದಿತು. ಖಜಾನೆಯ ಮುಂದೆ ಪಹರೆಯವನು ನಿಂತಿರುತ್ತಿದ್ದನು. ಜಗಲಿಗೆ ಕಳ್ಳನು ಬಂದರೂ ಖಜಾನೆಗೆ ಅಪಾಯವಾಗುತ್ತಿರಲಿಲ್ಲ. ನೆಟ್‌ವರ್ಕಿನ ವಲಯಗಳೆಂದರೆ ಇದೇ. ಇಂಟರ್ನೆಟ್ ಎಂಬುದು ಬೀದಿ. ಸಾರ್ವಜನಿಕರಿಗೆ ಉತ್ತರ ಕೊಡುವ ಸರ್ವರುಗಳ ನೆಲೆಯು ಜಗಲಿ. ನೌಕರರ ಗಣಕಗಳು ಹಜಾರ. ರೋಗಿಗಳ ಅಥವಾ ಜಮೀನುಗಳ ದಾಖಲೆಗಳಿರುವ ಸ್ಥಳವು ಖಜಾನೆ. ಒಂದು ವಲಯದಿಂದ ಇನ್ನೊಂದಕ್ಕೆ ಹೋಗುವ ಮಾತೆಲ್ಲವೂ ಫೈರ್‌ವಾಲಿನ ಮುಂದೆ ನಿಂತು ಅಪ್ಪಣೆ ಪಡೆಯಬೇಕು. ಅಪ್ಪಣೆ ಬರೆದಿಲ್ಲದ ಮಾತಿಗೆ ಬಾಗಿಲು ಮುಚ್ಚಿರಬೇಕು. ಈ ವಿಭಾಗವಿಲ್ಲದ ಕಚೇರಿಯಲ್ಲಿ, ಮೋಸದ ಪತ್ರವೊಂದನ್ನು ತೆರೆದ ಒಬ್ಬ ಗುಮಾಸ್ತನ ಅಜಾಗರೂಕತೆಯೇ ಇಡೀ ಖಜಾನೆಗೆ ಮುಳುವಾಗಬಹುದು.

ವಿಭಾಗವಿದ್ದರೆ ಏನಾಗುವುದೆಂಬುದಕ್ಕೂ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. 2019ನೆಯ ಇಸವಿಯಲ್ಲಿ ತಮಿಳುನಾಡಿನ ಕೂಡಂಕುಳಂ ಪರಮಾಣು ವಿದ್ಯುತ್ ಸ್ಥಾವರಕ್ಕೆ ಸೇರಿದ ಗಣಕವೊಂದರಲ್ಲಿ ದುಷ್ಟ ತಂತ್ರಾಂಶವು ಪತ್ತೆಯಾಯಿತು. ಸುದ್ದಿಯನ್ನು ಮೊದಲು ಅಲ್ಲಗಳೆದು, ಮರುದಿನ ಅಕ್ಟೋಬರ್ 30ರಂದು ಒಪ್ಪಿಕೊಂಡ ಅಧಿಕಾರಿಗಳ ರೀತಿಯು ಪ್ರಶಂಸನೀಯವಲ್ಲ. ಆದರೆ ಸೋಂಕು ತಗುಲಿದ ಗಣಕವು ಆಡಳಿತ ಕಾರ್ಯದ ನೆಟ್‌ವರ್ಕಿಗೆ ಸೇರಿದುದೆಂದೂ, ಸ್ಥಾವರದ ಮುಖ್ಯವಾದ ಒಳನೆಟ್‌ವರ್ಕು ಅದರಿಂದ ಪ್ರತ್ಯೇಕವಾಗಿದ್ದಿತೆಂದೂ ಅವರು ತಿಳಿಸಿದರು. ಶತ್ರುವು ಹಜಾರದವರೆಗೆ ಬಂದುದು ನಾಚಿಕೆಗೇಡು; ಒಳಕೋಣೆಯು ಬೇರೆಯಾಗಿದ್ದುದು ದೇಶದ ಪುಣ್ಯ.

ವಲಯಗಳನ್ನು ಗೊತ್ತುಮಾಡುವುದು ಬೇರೆ ದೇಶದ ಪಂಡಿತರನ್ನು ಕರೆಯಿಸಬೇಕಾದ ವಿದ್ಯೆಯೇನೂ ಅಲ್ಲ. ಲಿನಕ್ಸ್ ವ್ಯವಸ್ಥೆಯೊಡನೆ ಹಣವಿಲ್ಲದೆ ದೊರೆಯುವ ಫೈರ್‌ವಾಲ್‌ಡಿ ಎಂಬ ತಂತ್ರಾಂಶದಲ್ಲಿ, ಬಂದುದನ್ನೆಲ್ಲ ಸದ್ದಿಲ್ಲದೆ ಬಿಸುಡುವ ‘ಡ್ರಾಪ್’ ಎಂಬ ವಲಯದಿಂದ ಹಿಡಿದು, ಎಲ್ಲವನ್ನೂ ಒಳಬಿಡುವ ‘ಟ್ರಸ್ಟೆಡ್’ ಎಂಬುದರವರೆಗೆ ವಿಶ್ವಾಸದ ಹಲವು ಮೆಟ್ಟಲುಗಳು ಸಿದ್ಧವಾಗಿಯೇ ಇವೆ. ಯಾವ ವಲಯಕ್ಕೂ ಸೇರಿಸದೆ ಬಿಟ್ಟ ಸಂಪರ್ಕದ್ವಾರವು ತಾನಾಗಿಯೇ ಸಾಮಾನ್ಯ ವಲಯಕ್ಕೆ ಸೇರುತ್ತದೆ. ಆದಕಾರಣ ‘ಇನ್ನೂ ತೀರ್ಮಾನಿಸಿಲ್ಲ’ ಎನ್ನುವ ಅಧಿಕಾರಿಯ ಉತ್ತರವು ನಿಜವಾಗಿ ಉತ್ತರವಲ್ಲ; ಅವನ ಪರವಾಗಿ ಯಂತ್ರವು ತೀರ್ಮಾನ ಮಾಡಿರುತ್ತದೆ. ಕೆಲಸಕ್ಕೆ ತೊಡಕಾಯಿತೆಂದು ದೂರು ಬಂದೊಡನೆ ‘ಟ್ರಸ್ಟೆಡ್’ ವಲಯಕ್ಕೆ ತಳ್ಳಿ ಕೈತೊಳೆದುಕೊಳ್ಳುವುದಂತೂ ಖಜಾನೆಯ ಬಾಗಿಲನ್ನು ಕಿತ್ತು ಹಾಕಿದುದಕ್ಕೆ ಸಮಾನ.

ಇಷ್ಟೊಂದು ಕಟ್ಟುಪಾಡಿನಿಂದ ಕಾರ್ಯವು ನಿಧಾನವಾಗುವುದೆಂದೂ, ಪರಿಚಿತ ಗುತ್ತಿಗೆದಾರರನ್ನು ಬಾಗಿಲಲ್ಲಿ ತಡೆಯುವುದು ಉಚಿತವಲ್ಲವೆಂದೂ ಕೆಲವರು ಆಕ್ಷೇಪಿಸಬಹುದು. ಅಂಥವರು ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸಂಸ್ಥೆಗೆ 2013ರಲ್ಲಿ ಆದುದನ್ನು ವಿಚಾರಿಸಲಿ. ಶೀತಲ ಯಂತ್ರಗಳ ಗುತ್ತಿಗೆದಾರನಿಗೆ ಕೊಟ್ಟಿದ್ದ ಪ್ರವೇಶದ ಗುರುತನ್ನು ಕದ್ದ ಚೋರರು, ಅಲ್ಲಿಂದ ಅಂಗಡಿಗಳ ಹಣದ ಕಟ್ಟೆಯವರೆಗೂ ನಡೆದು, ಸುಮಾರು 4 ಕೋಟಿ ಗಿರಾಕಿಗಳ ಕಾರ್ಡುಗಳ ವಿವರವನ್ನು ಅಪಹರಿಸಿದರು. ಗುತ್ತಿಗೆದಾರನು ಅಪ್ರಾಮಾಣಿಕನಾಗಿರಲಿಲ್ಲ, ಅವನ ಬಾಗಿಲಿಗೂ ಹಣದ ಕಟ್ಟೆಗೂ ನಡುವೆ ಸಾಕಷ್ಟು ತಡೆಯಿರಲಿಲ್ಲ.

ದಾಳಿಯು ತಿಳಿದುಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆಜ್ಞೆಮಾಡಿತು. ಆಜ್ಞೆಯು ಯುಕ್ತವಾದುದೇ. ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ನಮ್ಮ ಕಚೇರಿಗಳಿಗೆ ಅನ್ವಯಿಸಬಾರದು. ಪ್ರತಿ ಇಲಾಖೆಯ ಮುಖ್ಯಾಧಿಕಾರಿಯು ತನ್ನಲ್ಲಿರುವ ಗಣಕಗಳ ಪಟ್ಟಿಯನ್ನು ಮೊದಲು ತರಿಸಿಕೊಳ್ಳಲಿ. ಪ್ರತಿಯೊಂದನ್ನೂ ಒಂದೊಂದು ವಲಯಕ್ಕೆ ಸೇರಿಸಲಿ. ವಲಯಗಳ ನಡುವೆ ತೆರೆದ ಪ್ರತಿ ಕಿಂಡಿಗೂ ಕೇಳಿದವರು ಯಾರು, ಏತಕ್ಕಾಗಿ, ಎಷ್ಟು ದಿನಕ್ಕೆ ಎಂಬುದನ್ನು ಬರೆಯಿಸಲಿ. ಅವಧಿ ತೀರಿದುದನ್ನು ಮುಚ್ಚಿಸಲಿ. ಇದಕ್ಕೆ ಹೆಚ್ಚಿನ ದ್ರವ್ಯವು ಬೇಡ, ಶ್ರದ್ಧೆ ಬೇಕು. ಆಸ್ಪತ್ರೆಯ ಸಾಲಿನಲ್ಲಿ ನಿಂತ ರೋಗಿಗೆ ಫೈರ್‌ವಾಲ್ ಎಂದರೇನೆಂದು ತಿಳಿಯಬೇಕಾಗಿಲ್ಲ. ತನ್ನ ಕಾಯಿಲೆಯ ವೃತ್ತಾಂತವನ್ನು ನಂಬಿ ಒಪ್ಪಿಸಿದ ಆತನ ಪರವಾಗಿ ಅದನ್ನು ತಿಳಿದಿರಬೇಕಾದವರು ಕುರ್ಚಿಯಲ್ಲಿ ಕುಳಿತವರು.